ಕೆಂಪು ದಾರದ ಕತ್ತರಿ

ಗಾಯನ ತಂಡದ ಇಪ್ಪತ್ತೆರಡು ನಿಲುವಂಗಿಗಳ ಬಟ್ಟೆ ಚಿಕ್ಕಮ್ಮನ ಹೊಲಿಗೆ ಅಂಗಡಿಯ ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು. ಕಣ್ಣಿನ ಆಪರೇಷನ್ ಆದಮೇಲೆ ಚಿಕ್ಕಮ್ಮನಿಗೆ ಸೀಮೆಸುಣ್ಣದ ಸಣ್ಣ ಗೆರೆ ಕಾಣುತ್ತಿರಲಿಲ್ಲ. ಅದಕ್ಕೆಂದೇ ಅಕ್ಕನ ಮಗಳು, ಅಳತೆ ಕೊಟ್ಟರೆ ದಪ್ಪ ಗೆರೆಯ ಕಾಗದದ ನಮೂನೆ ಅಚ್ಚು ಹಾಕುವ ಪ್ರೋಗ್ರಾಂ ಬರೆದಿದ್ದಳು. ಸಂಜೆ ಐದರೊಳಗೆ ಮೊದಲ ನಮೂನೆ ಬಾರದಿದ್ದರೆ ಕೆಲಸವೆಲ್ಲ ಎದುರಂಗಡಿಯ ಪಾಲು.

ಅವಳ ಲ್ಯಾಪ್‌ಟಾಪಿನಲ್ಲಿ ನೀರು ಕುಡಿದಷ್ಟು ಸಲೀಸಾಗಿ ಓಡಿದ್ದ ಪ್ರೋಗ್ರಾಂ ಅಂಗಡಿಯ ಹಳೆಯ ಲಿನಕ್ಸ್ ಕಂಪ್ಯೂಟರಿನ ಹೊಸ್ತಿಲಲ್ಲೇ ಮುಷ್ಕರ ಹೂಡಿತು. ತನಗೆ ಪೈಥಾನ್ ಭಾಷೆಯ 3.12ನೇ ಆವೃತ್ತಿ ಬೇಕಂತೆ, ಇಲ್ಲಿದ್ದದ್ದು 3.8. ಅವಳು ಹೊಸದನ್ನು ತಂದಳು. ‘ಪೈಥಾನ್’ ಎಂದು ಯಾರು ಕರೆದರೂ ಇನ್ನು ಹೊಸದೇ ಓಗೊಡಲಿ ಎಂದು ಕೊಂಡಿ ಬದಲಿಸಿದಳು. ಪ್ರೋಗ್ರಾಮೇನೋ ಎದ್ದು ಕೂತಿತು. ಆದರೆ ಪ್ರಿಂಟರ್ ಜೋಡಿಸುವ ಕಿಟಕಿ ಬಾಯಿ ಬಿಡಲಿಲ್ಲ. ಆದೇಶ ಟೈಪಿಸುವ ಕಿಟಕಿ, ಟರ್ಮಿನಲ್ ಕೂಡ ನಾಪತ್ತೆ.

“ಏನಮ್ಮಾ, ನಿನ್ನ ಹೆಬ್ಬಾವು ಪ್ರಿಂಟರನ್ನೂ ನುಂಗ್ತಾ?” ಮೂಲೆಯಿಂದ ಇಸ್ತ್ರಿಯವನು ನಕ್ಕ.

ಅವಳಿಗೆ ನೆಲ ಬಿರಿದರೆ ಸಾಕೆನಿಸಿತು. ತಲೆಯೆತ್ತದೆ ಕೀಲಿಗಳನ್ನು ಕುಟ್ಟಿದಳು, ಏನೂ ತೆರೆಯಲಿಲ್ಲ. ಗಡಿಯಾರದಲ್ಲಿ ನಾಲ್ಕು. ಸುಮ್ಮನಿರಲಾಗದೆ ಪ್ರಿಂಟರ್ ಕಾಗದದ ಕಟ್ಟನ್ನಾದರೂ ಬಿಚ್ಚೋಣವೆಂದು ಕೈಗೆ ಸಿಕ್ಕ ಕತ್ತರಿ ಎತ್ತಿಕೊಂಡಳು.

“ಅಯ್ಯಯ್ಯೋ, ಇಡೇ ಕೆಳಗೆ!” ಚಿಕ್ಕಮ್ಮ ಹಾರಿಬಿದ್ದಳು. “ಕೆಂಪು ದಾರ ಕಟ್ಟಿರೋದು ಬಟ್ಟೆಗೆ ಮಾತ್ರ. ಕಾಗದ ಕತ್ತರಿಸಿದ್ರೆ ಬಾಯಿ ಮೊಂಡಾಗುತ್ತೆ, ಆಮೇಲೆ ಇಡೀ ಅಂಗಡೀನೇ ಮುಗ್ಗರಿಸುತ್ತೆ. ನಿನ್ನ ಕೆಲಸಕ್ಕೆ ನಿನ್ನದೇ ಕತ್ತರಿ ತಂದ್ಕೊ!”

ಕತ್ತರಿ ಹಿಡಿದಲ್ಲೇ ಅವಳು ನಿಂತುಬಿಟ್ಟಳು. ಪ್ರಿಂಟರ್ ಕಿಟಕಿ, ಟರ್ಮಿನಲ್, ಎಲ್ಲವೂ ಆ ಹಳೆಯ 3.8ರ ಅಳತೆಗೇ ಹೊಲಿದಂಥವು. ಅದು ಕಂಪ್ಯೂಟರಿನ ಸ್ವಂತ ಕತ್ತರಿ. ತಾನು ಅದಕ್ಕೇ ಕೈಹಾಕಿದ್ದಳು!

“ಚಿಕ್ಕಮ್ಮಾ, ನೀನು ಬಂಗಾರ!”

“ಮಾತಾಡಿದ್ಲಪ್ಪಾ!” ಇಸ್ತ್ರಿಯವನು ಬೆರಗಾದ.

ಕಿಟಕಿಗಳಿಲ್ಲದ, ಬರೀ ಅಕ್ಷರಗಳ ಕಪ್ಪು ಪರದೆಗೆ ಹೋಗಿ ಮೊದಲು ಕೊಂಡಿಯನ್ನು ಹಳೆಯದಕ್ಕೇ ಮರಳಿಸಿದಳು. ಟರ್ಮಿನಲ್ ಏನೂ ಆಗಿಲ್ಲವೆಂಬಂತೆ ತೆರೆಯಿತು, ಪ್ರಿಂಟರ್ ಜೋಡಣೆಯಾಯಿತು. ಬಳಿಕ ತನ್ನ ಪ್ರೋಗ್ರಾಮಿನ ಪ್ಯಾಕೇಜನ್ನು ಹೊಸದಾಗಿ ಕಟ್ಟಿದಳು. ಈ ಸಲ 3.12 ಅದರ ಹೊಟ್ಟೆಯೊಳಗೇ, ಪ್ರತ್ಯೇಕ ಫೋಲ್ಡರಿನಲ್ಲಿ ಬಂತು. ಕಂಪ್ಯೂಟರಿನ ಸ್ವಂತ ಪೈಥಾನಿನ ಗೊಡವೆಗೆ ಹೋಗಲಿಲ್ಲ.

ಐದಕ್ಕೆ ಹತ್ತು ನಿಮಿಷವಿದ್ದಾಗ ಪ್ರಿಂಟರ್ ಗರಗರ ಎಂದಿತು. ಬಂದ ಹಾಳೆಗಳನ್ನು ಅಂಟಿಸಿ, ಬಟ್ಟೆಯ ಮೇಲೆ ಹಾಸಿ, ಚಿಕ್ಕಮ್ಮ ಕನ್ನಡಕ ಸರಿಮಾಡಿಕೊಂಡಳು. ಬೆರಳು ದಪ್ಪ ಗೆರೆಯ ಗುಂಟ ಕೊರಳಿನಿಂದ ತೋಳಿನವರೆಗೆ ಎಲ್ಲೂ ತಡವರಿಸದೆ ಹೋಯಿತು.

“ಕಾಣ್ತಿದೆ ಕಣೇ,” ಎಂದಳು ಮೆಲ್ಲಗೆ. ಆಮೇಲೆ ಇಸ್ತ್ರಿಯವನ ಕಡೆ ತಿರುಗಿ, “ಕೆಂಡ ಆರಿಸ್ಬೇಡ. ಇಪ್ಪತ್ತೆರಡು ಬರ್ತಾ ಇವೆ!”

ಕೆಂಪು ದಾರದ ಕತ್ತರಿ ಬಟ್ಟೆಗಿಳಿಯುವ ಮುನ್ನ, ಚಿಕ್ಕಮ್ಮ ಡಬ್ಬಿಯಿಂದ ಹಸಿರು ದಾರ ತೆಗೆದು, ಕಾಗದ ಕತ್ತರಿಸಲೆಂದೇ ಇದ್ದ ಇನ್ನೊಂದು ಕತ್ತರಿಗೆ ಸುತ್ತಿ, ಹುಡುಗಿಯ ಕೈಗಿಟ್ಟಳು.

“ಇದು ನಿಂದು. ನಾನೂ ಮುಟ್ಟಲ್ಲ.”