ಬಂಗಲೆಯ ಕಾಫಿ

ಹೊಂಗಡಹಳ್ಳದ ಕಡೆಯ ಆ ಎಸ್ಟೇಟಿನಲ್ಲಿ ಬಂಗಲೆಯ ಕಾಫಿಯೆಂದರೆ ಆಳುಗಳ ಎದೆ ಧಸಕ್ಕೆನ್ನುತ್ತಿತ್ತು. ದೊಡ್ಡ ಸಾಹುಕಾರರಾದ ಲಾಜರಸ್ ಕೆಟ್ಟವರಲ್ಲ. ಯಾರನ್ನಾದರೂ ಕೆಲಸದಿಂದ ತೆಗೆಯುವಾಗ ಬೈಯದೆ, ಜಗಲಿಯಲ್ಲಿ ಕೂರಿಸಿ, ಕೈಯಾರೆ ಕಾಫಿ ಕೊಟ್ಟು, ನಾಲ್ಕು ಒಳ್ಳೆ ಮಾತಾಡಿ ಆಮೇಲೆ ಹೇಳುತ್ತಿದ್ದರು. ಹೀಗೆ ಕಾಫಿ ಕುಡಿದ ಕೆಂಚಯ್ಯ ಮರುದಿನವೇ ತೋಟದವರು ಕೊಟ್ಟ ಲೈನ್ ಮನೆ ಖಾಲಿ ಮಾಡಿದ್ದ.

ಈ ವರ್ಷ ತೋಟ ನೋಡಿಕೊಳ್ಳಲು ಅವರ ಮಗಳು ಎಲೈನ್ ಬಂದಿದ್ದರು. ಕೊಯ್ಲು ಶುರುವಾದಾಗಿನಿಂದ ಆಕೆಯ ಕಣ್ಣು ತನ್ನ ಮೇಲೇ ಇದೆಯೆಂದು ಹಳೇ ಆಳು ಗಂಗಾಮಣಿಗೆ ಅನ್ನಿಸುತ್ತಿತ್ತು. ಕಾಫಿ ಹಣ್ಣು ಬಿಡಿಸುತ್ತಾ ತಿರುಗಿದರೆ ನೆರಳಿನ ಸಿಲ್ವರ್ ಮರದ ಪಕ್ಕ ಎಲೈನ್ ನಿಂತಿರುತ್ತಿದ್ದರು; ಕಣ್ಣು ಕೂಡಿದರೆ ಬೇರೆಡೆ ನೋಡುತ್ತಿದ್ದರು. ಅವಳನ್ನು ಹಳಬರ ಗುಂಪಿನಿಂದ ಬಿಡಿಸಿ ಹೊಸ ಹುಡುಗಿಯರ ನಡುವೆ ಹಾಕಿಸಿದರು. ಆ ಹುಡುಗಿಯರೋ ಕಾಯಿ ಹಣ್ಣು ನೋಡದೆ ಕಿತ್ತು ಹಾಕುವವರು, ಮಾತು ಮಾತಿಗೆ ಜಗಳಕ್ಕೆ ನಿಲ್ಲುವವರು. ಗಂಗಾಮಣಿ ಗೇಲಿ ಮಾಡುತ್ತಾ, ಕೈ ಹಿಡಿದು ತೋರಿಸುತ್ತಾ ದಾರಿಗೆ ತರುವಷ್ಟರಲ್ಲಿ ಇನ್ನೊಂದು ಗುಂಪಿಗೆ ಕಳಿಸಿದರು. ಅಲ್ಲಿಯವರು ಇವರಿಗಿಂತ ಜೋರು.

“ನಿನ್ನ ತಪ್ಪು ಹುಡುಕ್ತಾ ಅವ್ರೆ ಕಣೇ,” ಅಂದಳು ಪಕ್ಕದ ಮನೆಯ ಇಂದ್ರಮ್ಮ. “ಇವತ್ತೋ ನಾಳೆಯೋ ನಿಂಗೂ ಕಾಫಿ ಐತೆ.”

ಕೆಲಸ ಹೋದರೆ ಮನೆಯೂ ಹೋದಂತೆ. ಮಗಳು ಶೃತಿಯ ಹತ್ತನೇ ತರಗತಿ ಪರೀಕ್ಷೆ ಹತ್ತಿರ ಬಂದಿತ್ತು. ಈಗ ಊರು ಬಿಟ್ಟರೆ ಅವಳ ಓದು ಅಲ್ಲಿಗೇ ನಿಲ್ಲುತ್ತದೆ. ಆದರೂ ಗಂಗಾಮಣಿ ಪಾತ್ರೆಗಳನ್ನು ಚೀಲಕ್ಕೆ ತುಂಬಿಟ್ಟಳು. ಹೇಳಿಸಿಕೊಂಡು ಓಡುವುದಕ್ಕಿಂತ ಸಿದ್ಧವಾಗಿರುವುದು ಮೇಲು.

ಒಂದು ಮಧ್ಯಾಹ್ನ ತೋಟದ ಲೆಕ್ಕ ಬರೆಯುವ ರೈಟರ್ ಪ್ರತಾಪ್ ಬಂದು, ಬಂಗಲೆಗೆ ಹೋಗಬೇಕಂತೆ ಅಂದ. ಯಾಕೆಂದು ಕೇಳಿದರೆ ನಕ್ಕ. ಆ ನಗುವನ್ನೂ ಅವಳು ನಂಬಲಿಲ್ಲ.

ಜಗಲಿಯಲ್ಲಿ ಎಲೈನ್ ಅವಳನ್ನು ಕೂರಿಸಿ, ಒಳಗೆ ಹೋಗಿ ತಾವೇ ಲೋಟ ಹಿಡಿದು ಬಂದರು. ಆಳುಗಳಿಗೆ ಗಿಡದ ಸಾಲು ಹಂಚುವ ತಿಮ್ಮಯ್ಯ ಮೇಸ್ತ್ರಿಗೆ ಮಂಡಿನೋವು, ಇನ್ನು ಬರಲಾರರು ಎಂದು ಆಕೆ ಮಾತು ತೆಗೆದರು.

“ಅವರ ಜಾಗಕ್ಕೆ ನೀವು ಬನ್ನಿ. ನಿಮ್ಮ ಪಕ್ಕ ಇದ್ದೋರೆಲ್ಲ ಕೆಲಸ ಕಲೀತಾರೆ. ಒಂದು ಗುಂಪಲ್ಲಿ ನೋಡಿ ನಂಬಿಕೆ ಬರಲಿಲ್ಲ, ಅದಕ್ಕೇ ಇನ್ನೊಂದಕ್ಕೆ ಹಾಕಿ ನೋಡಿದೆ.”

ಆ ತೋಟದಲ್ಲಿ ಹೆಂಗಸು ಮೇಸ್ತ್ರಿಯಾದದ್ದೇ ಇಲ್ಲ. ಕೆಂಚಯ್ಯನನ್ನೂ ಮೊದಲು ಹೀಗೇ ಹೊಗಳಿದ್ದರಲ್ಲವೇ? ಗಂಗಾಮಣಿ ಲೋಟವನ್ನೇ ನೋಡುತ್ತಾ ಕೂತಳು. ಕಾಫಿಯ ಮೇಲೆ ಕೆನೆ ಕಟ್ಟಿತು.

“ಕುಡೀರಿ, ಆರಿಹೋಗುತ್ತೆ.”

“ಅಮ್ಮಾವ್ರೇ, ತೆಗೆಯೋದಿದ್ರೆ ನೇರ ಹೇಳ್ಬುಡಿ. ಪರೀಕ್ಷೆ ಮುಗಿಯೋಗಂಟ ಮನೆ ಒಂದು ಬುಟ್ಟುಕೊಡಿ. ಕಾಫಿ ಮಾತ್ರ ಬ್ಯಾಡ.”

ಎಲೈನ್‌ಗೆ ಏನೂ ಅರ್ಥವಾಗಲಿಲ್ಲ. ಗಂಗಾಮಣಿ ನೆಲ ನೋಡುತ್ತಲೇ ಬಂಗಲೆಯ ಕಾಫಿಯ ಕತೆ ಹೇಳಿದಳು. ಅಪ್ಪ ಆಳುಗಳಿಗೆ ಲೋಟ ಕೊಡುವುದನ್ನು ಚಿಕ್ಕಂದಿನಲ್ಲಿ ಎಷ್ಟೋ ಸಲ ನೋಡಿದ್ದ ಎಲೈನ್, ಅದನ್ನು ಪ್ರೀತಿಯೆಂದೇ ತಿಳಿದಿದ್ದರು. ಅವರು ಗಂಗಾಮಣಿಯ ಮುಂದಿದ್ದ ಲೋಟ ಎತ್ತಿ, ಕೆನೆಸಮೇತ ತಾವೇ ಕುಡಿದರು.

“ಈಗ ನನ್ನ ಕೆಲಸ ಹೋಯ್ತು ಅಂದ್ಕೊಳ್ಳಿ. ನಾಳೆ ಸಾಲು ಹಂಚೋದು ಯಾರು?”

ಗಂಗಾಮಣಿಗೆ ನಗು ಬಂತು, ತಡೆದುಕೊಂಡಳು. ನಾಳೆ ಎಲ್ಲರ ಮುಂದೆ ನನ್ನನ್ನೇ ಮೇಸ್ತ್ರಿ ಎಂದು ಹೇಳುವುದಾದರೆ ಹಂಚುತ್ತೇನೆ ಎಂದಳು. ಎಲೈನ್ ಒಪ್ಪಿದರು.

ಸಂಜೆ ಮನೆಗೆ ಬಂದು ಚೀಲ ಬಿಚ್ಚಿ, ಅನ್ನದ ತಪ್ಪಲೆಯನ್ನೂ ಎರಡು ತಟ್ಟೆಗಳನ್ನೂ ಹೊರಗೆ ತೆಗೆದಳು. ಉಳಿದವನ್ನೂ ತೆಗೆಯಲೇ ಎಂದು ಶೃತಿ ಕೇಳಿದಳು.

“ಇರ್ಲಿ ಬುಡು,” ಅಂದಳು ಗಂಗಾಮಣಿ. “ನಾಳೆ ಸಾಲು ಹಂಚಿ ಬತ್ತೀನಿ. ಆಮ್ಯಾಕೆ ತೆಗೆಯಾನ.”