ಗುಂಡನ ಸಂಯಮ ಪರೀಕ್ಷೆ

2019ರ ಮಾರ್ಚ್ 9, ಶನಿವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಗುಂಡ ಎಂಬ ನಾಯಿ, ನಾಯಿಗಳ ಬುದ್ಧಿ ಪರೀಕ್ಷಿಸುವ ನಮ್ಮ ಪ್ರಯೋಗಾಲಯಕ್ಕೆ ಬಂತು. ಜೊತೆಯಲ್ಲಿ ಅದನ್ನು ಸಾಕಿದ ನಿವೃತ್ತ ಗಡಿಯಾರ ರಿಪೇರಿಯವರು ಮತ್ತು ಅವರ ಸೊಸೆ. ಮೇಲಿನ ಮನೆಯವರ ಊಟದ ಡಬ್ಬಿಯನ್ನು ಗುಂಡ ಎರಡು ಸಲ ಖಾಲಿ ಮಾಡಿತ್ತು. ಸಂಯಮ ಪರೀಕ್ಷೆಯಲ್ಲಿ ಪಾಸಾಗದಿದ್ದರೆ ನಾಯಿ ಕಟ್ಟಡ ಬಿಡಬೇಕೆಂದು ಅಲ್ಲಿನ ನಿವಾಸಿಗಳ ಸಮಿತಿಯವರು ಬರೆದುಕೊಟ್ಟಿದ್ದರು. ಯಜಮಾನರು ರಾತ್ರಿ ನಿದ್ದೆ ಮಾಡಿದಂತಿರಲಿಲ್ಲ. ಗುಂಡ ಮಾಡಿತ್ತು.

ಪರೀಕ್ಷೆ ಸರಳ. ನಾಯಿಯ ಮೂತಿಯಿಂದ ಅರ್ಧ ಮೀಟರ್ ದೂರದಲ್ಲಿ ಬಿಸ್ಕತ್ತಿಟ್ಟು, ಅದಕ್ಕೆ ಮನೆಯಲ್ಲಿ ರೂಢಿಯಾದ ತಡೆಯುವ ಮಾತನ್ನು ಒಮ್ಮೆ ಹೇಳುವುದು. ಮೂವತ್ತು ಸೆಕೆಂಡು ಮುಟ್ಟದಿದ್ದರೆ ಪಾಸು. ಮೂರು ಅವಕಾಶ. ಅರ್ಜಿಯಲ್ಲಿ ಅವರು ತುಂಬಿದ್ದ ಮಾತು ‘ಬೇಡ’.

ಮೊದಲ ಬಿಸ್ಕತ್ತು ಒಂದು ಸೆಕೆಂಡಿನಲ್ಲಿ ಹೋಯಿತು. ಎರಡನೆಯದು ನಾನು ‘ಡ’ ಎನ್ನುವ ಮೊದಲೇ. ನನಗೆ ಅನುಮಾನ ಬಂತು. ಇದೇ ನಾಯಿ ಅದಕ್ಕೂ ಮುಂಚೆ ನಡೆಸಿದ ಬುದ್ಧಿ ಪರೀಕ್ಷೆಯಲ್ಲಿ ತಲೆಯ ಮೇಲೆ ಹಾಕಿದ ಟವೆಲಿನಿಂದ ನಾಲ್ಕು ಸೆಕೆಂಡಿನಲ್ಲಿ ಹೊರಬಂದಿತ್ತು. ಲೋಟದಡಿ ಬಚ್ಚಿಟ್ಟ ತಿಂಡಿಯನ್ನು ಹತ್ತಕ್ಕೆ ಒಂಬತ್ತು ಸಲ ಹುಡುಕಿತ್ತು. ಎರಡಕ್ಷರ ತಲೆಗೆ ಹತ್ತದಷ್ಟು ದಡ್ಡ ನಾಯಿಯಲ್ಲ. ಮನೆಯಲ್ಲಿ ಆ ಮಾತನ್ನು ಯಾವಾಗ ಹೇಳುತ್ತೀರಿ ಎಂದು ಕೇಳಿದೆ.

ಯಜಮಾನರು ಕೆಮ್ಮಿದರು, ಕನ್ನಡಕ ಒರೆಸಿದರು, ಕೊನೆಗೆ ಬಾಯಿಬಿಟ್ಟರು. ದಿನಾ ಬೆಳಿಗ್ಗೆ ಮೇಜಿನಡಿಯಿಂದ ತಮ್ಮ ಬ್ರೆಡ್ಡನ್ನು ಗುಂಡನ ಬಾಯಿಗಿಡುತ್ತಿದ್ದರು. ಅಡುಗೆಮನೆಯಲ್ಲಿರುವ ಸೊಸೆಗೆ ಕೇಳಲೆಂದು ಮಾತ್ರ ‘ಬೇಡ ಗುಂಡ, ಬೇಡ’ ಎಂದು ಗದರುತ್ತಿದ್ದರು.

“ಮೂರು ವರ್ಷ ಮಾವ,” ಎಂದಳು ಸೊಸೆ. “ನಮ್ಮ ಮಾವ ನಾಯೀನ ಎಷ್ಟು ಶಿಸ್ತಲ್ಲಿ ಇಟ್ಟಿದಾರೆ ಅಂತ ಕಂಡೋರಿಗೆಲ್ಲ ಹೇಳ್ಕೊಂಡು ಬಂದಿದೀನಿ.”

“ಶಿಸ್ತಿಗೇನಮ್ಮ ಕಮ್ಮಿ? ಒಂದು ದಿನಾನೂ ಮಾತು ಮೀರಿಲ್ಲ.”

ಹಾಗಾದರೆ ‘ತಿನ್ನು’ ಎಂದರೆ ಏನು ಮಾಡುತ್ತದೆ ಎಂದು ವಿಚಾರಿಸಿದೆ.

“ಜಂತುಹುಳದ ಮಾತ್ರೆ ಕೊಡೋವಾಗ ಮಾತ್ರ ಹಾಗನ್ನೋದು ಮೇಡಂ,” ಎಂದಳು ಸೊಸೆ. “ಕಿವಿಗೆ ಬಿದ್ರೆ ಸೋಫಾ ಕೆಳಗೆ ಸೇರ್ಕೊಳ್ಳುತ್ತೆ.”

ನಿಯಮ ಕೇಳುವುದು ರೂಢಿಯ ಮಾತನ್ನು, ಅದರ ಅರ್ಥವನ್ನಲ್ಲ. ಅರ್ಜಿಯಲ್ಲಿ ‘ಬೇಡ’ ಹೊಡೆದುಹಾಕಿ ‘ತಿನ್ನು’ ಬರೆಸಿ, ಇಬ್ಬರ ಸಹಿಯನ್ನೂ ಪಡೆದೆ. ಕೊನೆಯ ಬಿಸ್ಕತ್ತಿಟ್ಟೆ. ಯಜಮಾನರು ಗೋಡೆಯ ಕಡೆ ತಿರುಗಿ ನಿಂತರು.

“ತಿನ್ನು,” ಎಂದೆ.

ಗುಂಡ ಬಿಸ್ಕತ್ತನ್ನೂ ನನ್ನನ್ನೂ ನೋಡಿತು. ನಂಬಿಕೆದ್ರೋಹಕ್ಕೆ ಒಳಗಾದವರ ಮುಖ ಮಾಡಿಕೊಂಡು, ಹಿಂದೆ ಹಿಂದೆ ಸರಿದು, ಕುರ್ಚಿಯ ಕೆಳಗೆ ಸೇರಿತು. ಮೂವತ್ತು ಸೆಕೆಂಡಿಗೇ ಪಾಸೆಂದು ಹೇಳಿದೆ. ಯಜಮಾನರು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. ನಾನು ಮಾತ್ರ ಕುತೂಹಲಕ್ಕೆ ಗಡಿಯಾರ ನಿಲ್ಲಿಸಲಿಲ್ಲ. ಸೊಸೆ ಬೇಸತ್ತು ಬಿಸ್ಕತ್ತನ್ನು ತಾನೇ ಎತ್ತಿ ತಿಂದಾಗ ಆರು ನಿಮಿಷ ನಲವತ್ತೆರಡು ಸೆಕೆಂಡು ಆಗಿತ್ತು.