ಬೂದಿ ಮುಚ್ಚಿದ ಗಾಯ

ಬಿಳಿ ಅಂಗಿಯ ಕಾಲರ್ ಮಗುಚಿ ಹಾಸಿ, ನೀರು ಚಿಮುಕಿಸಿ, ಇಸ್ತ್ರಿ ಪೆಟ್ಟಿಗೆ ಎತ್ತುತ್ತಿದ್ದಂತೆ ಅವಳ ಬಲ ಮಣಿಕಟ್ಟು ಚುಳ್ಳೆಂದಿತು. ಪೆಟ್ಟಿಗೆಯನ್ನು ಇಟ್ಟಿಗೆಯ ಮೇಲೆ ಇಳಿಸಿ, ಕೈ ಕೊಡವಿ, ಮತ್ತೆ ಎತ್ತಿದಳು. ಇದ್ದಿಲು ಚೆನ್ನಾಗಿ ಹತ್ತಿಕೊಂಡಿತ್ತು. ಈಗ ನಿಲ್ಲಿಸಿದರೆ ಕಾವು ಇಳಿದು ಮತ್ತೆ ಮೊದಲಿಂದ ಊದಬೇಕು. ಮೇಜಿನ ಈ ಕಡೆ ಬ್ಯಾಂಕಿನವರ ಮನೆಯ ಗಂಟು, ಆ ಕಡೆ ಆಸ್ಪತ್ರೆ ಬೀದಿಯ ಔಷಧಿ ಅಂಗಡಿಯವರ ಗಂಟು. ಒಂದು ಇವತ್ತು ಹೋಗಬೇಕು, ಇನ್ನೊಂದು ನಾಳೆ.

ತೋಳು ಮುಗಿಸುವ ಹೊತ್ತಿಗೆ ಏನೋ ಕಡಿಮೆಯಾಗಿದೆ ಅನ್ನಿಸಿತು. ಹಿತ್ತಲಿನಿಂದ ಗೊಣಗಾಟ ಕೇಳುತ್ತಿರಲಿಲ್ಲ.

ಆ ಮನೆಯಲ್ಲಿ ಗೊಣಗುವವರು ಇಬ್ಬರು. ಒಬ್ಬರು ಅವಳ ಅತ್ತೆ. ಇನ್ನೊಂದು ಕಂದು ಬಣ್ಣದ ಹಳೆಯ ಹೇಂಟೆ. ಬೆಳಗಿನಿಂದ ಸಂಜೆವರೆಗೆ ಕೊಕ್ ಕೊಕ್ ಎಂದು ಯಾರ ಮೇಲೋ ದೂರು ಹೇಳುತ್ತಲೇ ಓಡಾಡುತ್ತಿದ್ದುದರಿಂದ ಅದಕ್ಕೆ ಗೊಣಗಿ ಎಂದೇ ಹೆಸರಾಗಿತ್ತು. ಹೆಸರಿಟ್ಟವನು ಅವಳ ಗಂಡ, ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕೆಲಸದಿಂದ ಬಂದು ಹಿತ್ತಲಲ್ಲಿ ಕೈಯ ಗ್ರೀಸು ತೊಳೆಯುವಾಗ ತಾಯಿಯ ಮಾತು, ಕೋಳಿಯ ಮಾತು ಎರಡೂ ಒಟ್ಟಿಗೆ ಕಿವಿಗೆ ಬೀಳುತ್ತಿದ್ದವು. ಯಾರಿಗೆ ಮೊದಲು ಉತ್ತರ ಕೊಡಬೇಕೋ ತಿಳಿಯುತ್ತಿಲ್ಲ ಎಂದು ಅವನು ನಗುತ್ತಿದ್ದ.

ಅವಳು ಹೋಗಿ ನೋಡಿದಳು. ಗೊಣಗಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಗರಿ ಉಬ್ಬಿಸಿಕೊಂಡು, ಕತ್ತು ಒಳಗೆಳೆದುಕೊಂಡು ನಿಂತಿತ್ತು. ಕಣ್ಣು ಅರೆ ಮುಚ್ಚಿತ್ತು. ಎಳೆಯ ಕೋಳಿಯೊಂದು ಹಿಂದಿನಿಂದ ಬಂದು ಅದರ ಬೆನ್ನಿಗೆ ಕುಕ್ಕಿ ಹೋಯಿತು. ಬೇರೆ ದಿನವಾಗಿದ್ದರೆ ಹಿತ್ತಲಿಡೀ ಅಟ್ಟಿಸಿಕೊಂಡು ಹೋಗುತ್ತಿತ್ತು. ಇವತ್ತು ತಿರುಗಿಯೂ ನೋಡಲಿಲ್ಲ.

ಮೊನ್ನೆ ಬೆಳಗ್ಗೆ ಗೂಡಿನ ಬಾಗಿಲು ತೆರೆದೇ ಇತ್ತು. ಎಲ್ಲಿಂದಲೋ ಬಂದ ಬೀದಿನಾಯಿ ಗೊಣಗಿಯನ್ನು ಬೆನ್ನಿಗೆ ಹಿಡಿದಿತ್ತು. ಇದ್ದಿಲು ತರಲು ಹಿತ್ತಲಿಗೆ ಬಂದಿದ್ದ ಅವಳು ಹಿಂದೆಮುಂದೆ ನೋಡದೆ ಕೈ ಹಾಕಿ ಬಿಡಿಸಿದ್ದಳು. ನಾಯಿ ಕೋಳಿಯನ್ನು ಬಿಟ್ಟಿತು, ಬಿಡುವಾಗ ಅವಳ ಮಣಿಕಟ್ಟಿಗೆ ಹಲ್ಲು ತಾಗಿಸಿ ಓಡಿತು. ಹಿತ್ತಲ ತುಂಬ ಗರಿ ಬಿದ್ದಿತ್ತು. ಗೊಣಗಿ ಮಾತ್ರ ಸ್ವಲ್ಪ ಹೊತ್ತಿನಲ್ಲೇ ಎದ್ದು, ಮೈ ಕೊಡವಿಕೊಂಡು, ಏನೂ ಆಗಿಲ್ಲವೆಂಬಂತೆ ಕಾಳು ಹೆಕ್ಕತೊಡಗಿತು. ಸದ್ದು ಕೇಳಿ ಬಂದ ಅತ್ತೆ, ನೋಡು, ಅದಕ್ಕೇನೂ ಆಗಿಲ್ಲ ಎಂದರು. ಬೆನ್ನ ಮೇಲೆ ರಕ್ತ ಕಂಡ ಕಡೆ ಇಸ್ತ್ರಿ ಪೆಟ್ಟಿಗೆಯ ಬೂದಿ ತಂದು ಒತ್ತಿದರು.

ಇಸ್ತ್ರಿಯ ಮನೆಯಲ್ಲಿ ಬೂದಿಗೆ ಬರವಿಲ್ಲ. ಪಾತ್ರೆ ಉಜ್ಜಲು ಬೂದಿ, ಇರುವೆ ಸಾಲಿಗೆ ಬೂದಿ, ತರಚಿದ ಗಾಯಕ್ಕೂ ಬೂದಿ. ಅವಳೂ ಬಚ್ಚಲಿಗೆ ಹೋಗಿ ಮಣಿಕಟ್ಟಿಗೆ ಒಂದು ಚಿಟಿಕೆ ಬೂದಿ ಹಚ್ಚಿಕೊಂಡಿದ್ದಳು. ರಾತ್ರಿ ಊಟಕ್ಕೆ ಬಡಿಸುವಾಗ ಗಂಡ ಕೈ ನೋಡಿ ಏನಾಯಿತೆಂದು ಕೇಳಿದ. ಇಸ್ತ್ರಿ ತಾಗಿತು ಎಂದಳು. ಅವನು ಮತ್ತೆ ಕೇಳಲಿಲ್ಲ. ಇಸ್ತ್ರಿ ಮಾಡುವವಳ ಮಣಿಕಟ್ಟಿನ ಮೇಲೆ ಸುಟ್ಟ ಗೆರೆಗಳು ಇದ್ದೇ ಇರುತ್ತವೆ. ಆ ಗೆರೆಗಳ ನಡುವೆ ಇದೂ ಒಂದು ಸೇರಿಕೊಂಡಿತು.

ಸುಳ್ಳು ಹೇಳಿದ್ದಕ್ಕೆ ಕಾರಣವಿತ್ತು. ಸಂಜೆ ಗೂಡಿನ ಚಿಲಕ ಹಾಕುವುದು ಅತ್ತೆಯ ಕೆಲಸ. ಈಚೆಗೆ ಅವರಿಗೆ ಮರೆವು. ಹಾಲು ಉಕ್ಕಿಸಿ ತಳ ಹಿಡಿಸಿದ ಮೇಲೆ ಒಲೆಯ ಹತ್ತಿರ ಬರಬೇಡ ಎಂದು ಮಗ ಗದರಿದ್ದ. ಬಟ್ಟೆಯ ಗಂಟುಗಳು ಅದಲುಬದಲಾದ ಮೇಲೆ ಗಂಟು ಕಟ್ಟುವ ಕೆಲಸವನ್ನೂ ಬಿಡಿಸಿದ್ದ. ಉಳಿದದ್ದು ಕೋಳಿಗಳು ಮಾತ್ರ. ನಾಯಿ ಹೆಂಡತಿಯ ಕೈ ಕಚ್ಚಿತೆಂದು ಗೊತ್ತಾದರೆ ಬಾಗಿಲು ಯಾರು ಮುಚ್ಚಿರಲಿಲ್ಲ ಎಂಬ ಮಾತು ಬರುತ್ತದೆ. ಆಮೇಲೆ ಅತ್ತೆ ಮೂಲೆ ಹಿಡಿದು ಕೂರಬೇಕು. ಅವಳಿಗೆ ಅದು ಬೇಕಿರಲಿಲ್ಲ. ಒಂದು ಗೀರು, ಒಣಗಿ ಹೋಗುತ್ತದೆ ಅಂದುಕೊಂಡಿದ್ದಳು.

ಈಗ ಗೊಣಗಿಯನ್ನು ಎತ್ತಿಕೊಂಡಳು. ಗರಿಯ ಉಬ್ಬು ಬಿಟ್ಟರೆ ಒಳಗೆ ಏನೂ ಇಲ್ಲವೆಂಬಷ್ಟು ಹಗುರ. ಮೈಯಿಂದ ಕೆಟ್ಟ ವಾಸನೆ ಬರುತ್ತಿತ್ತು.

ಆ ಹೊತ್ತಿಗೆ ಹಿಂದಿನ ಮನೆಯವಳು ತನ್ನ ಬಟ್ಟೆ ತೆಗೆದುಕೊಂಡು ಹೋಗಲು ಬಂದಳು. ಪಶು ಆಸ್ಪತ್ರೆಯಲ್ಲಿ ಕೆಲಸ ಅವಳಿಗೆ. ಬೀದಿಯವರೆಲ್ಲ ಕೋಳಿ ನರ್ಸು ಎಂದು ಕರೆಯುತ್ತಿದ್ದರು. ಮನುಷ್ಯರಿಗಿಂತ ಕೋಳಿಗಳೇ ವಾಸಿ, ಕೊಟ್ಟ ಮಾತ್ರೆಯನ್ನು ಕಿಟಕಿಯಿಂದಾಚೆ ಎಸೆಯೋದಿಲ್ಲ ಎಂದು ಅವಳೂ ನಗುತ್ತಿದ್ದಳು. ಇವತ್ತು ನಗಲಿಲ್ಲ. ಮೊನ್ನೆ ನಾಯಿ ಹಿಡಿದದ್ದನ್ನು ಕೇಳಿದ್ದೇ ಬಟ್ಟೆಯನ್ನು ಅಲ್ಲೇ ಬಿಟ್ಟು, ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು, ಕೋಳಿಯನ್ನು ಬೆಳಕಿಗೆ ಹಿಡಿ ಎಂದಳು.

ಅತ್ತೆ ಬಾಗಿಲಲ್ಲೇ ನಿಂತು ರಾಗ ತೆಗೆದರು. "ಕೋಳಿಗೂ ಡಾಕ್ಟರಾ? ನೆನ್ನೆವರೆಗೂ ಕಾಳು ತಿಂತಾ ಇತ್ತಮ್ಮ ಅದು. ಆಗಲ್ಲ ಅಂದ್ರೆ ಕೊಯ್ದು ಬೇಯಿಸೋದಪ್ಪ, ಅದಕ್ಕೆ ಇಷ್ಟೆಲ್ಲ ಯಾಕೆ?"

ನರ್ಸು ಬೆನ್ನಿನ ಗರಿಗಳನ್ನು ಎದುರು ದಿಕ್ಕಿಗೆ ಬಿಡಿಸಿದಳು. ಬೂದಿ ಹೆಪ್ಪುಗಟ್ಟಿ ಕೂತಿತ್ತು. ಉಗುರುಬೆಚ್ಚಗಿನ ನೀರು ಕೇಳಿ, ಬಟ್ಟೆ ಅದ್ದಿ ಅದ್ದಿ ಅದನ್ನು ನೆನೆಸಿ ಎಬ್ಬಿಸಿದಳು. ಕೆಳಗೆ ಸಣ್ಣ ತೂತು, ಕಡಲೆಕಾಳಿನಷ್ಟು. ಸುತ್ತಲ ಚರ್ಮ ಹಸಿರುಗಪ್ಪು. ತೂತಿನೊಳಗೆ ಬಿಳಿ ಹುಳುಗಳು ಮಿಸುಕುತ್ತಿದ್ದವು.

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ನಾಯಿ ಹಲ್ಲು ಹೀಗೇ ಅಮ್ಮ," ಎಂದಳು ನರ್ಸು. "ಮೇಲೆ ಚಿಕ್ಕದಾಗಿ ಕಾಣುತ್ತೆ, ಒಳಗೆ ಆಳಕ್ಕೆ ಹೋಗಿರುತ್ತೆ. ಬೂದಿ ಬಾಯಿ ಮುಚ್ಚಿಬಿಡ್ತು, ಕೀವು ಒಳಗೇ ಉಳೀತು. ಸಂದಿಯಲ್ಲಿ ನೊಣ ಮೊಟ್ಟೆ ಇಡ್ತು."

"ಮತ್ತೆ ಕಾಳು ತಿಂತಿತ್ತಲ್ಲ?"

"ತಿನ್ನುತ್ತೆ. ಕೋಳಿ ತನ್ನ ನೋವು ತೋರಿಸಲ್ಲ. ತೋರಿಸಿದ್ರೆ ಮಿಕ್ಕವು ಕುಕ್ಕಿ ಕುಕ್ಕಿ ಸಾಯಿಸ್ತವೆ. ಅದಕ್ಕೇ ಏನೂ ಆಗಿಲ್ಲ ಅನ್ನೋ ಹಾಗೆ ಓಡಾಡುತ್ತೆ. ಇನ್ನು ಆಗಲ್ಲ ಅಂತ ಆದಾಗಲೇ ಒಂದು ಕಡೆ ನಿಂತ್ಕೊಳ್ಳೋದು. ನಮಗೆ ಗೊತ್ತಾಗೋದು ಆವಾಗ."

ಸೊಸೆ ಕೋಳಿಯ ಕಾಲುಗಳನ್ನು ಹಿಡಿದುಕೊಂಡಿದ್ದಳು. ತನ್ನ ಕುಪ್ಪಸದ ತೋಳನ್ನು ಮೊಣಕೈಯಿಂದ ಕೆಳಕ್ಕೆ ಎಳೆಯಲು ನೋಡಿದಳು. ಅದು ಮಣಿಕಟ್ಟಿನವರೆಗೆ ಬರಲಿಲ್ಲ.

ಒಂದು ಲೀಟರ್ ನೀರು ಕುದಿಸಿ ಆರಿಸಿ, ಒಂದು ಚಮಚ ಉಪ್ಪು ಕರಗಿಸಿ, ಗಾಯವನ್ನು ಮತ್ತೆ ಮತ್ತೆ ತೊಳೆದರು. ನರ್ಸು ಚಿಮಟದಿಂದ ಹುಳುಗಳನ್ನು ಒಂದೊಂದಾಗಿ ತೆಗೆದಳು. ಬೂದಿ, ಸೀಮೆಎಣ್ಣೆ, ಖಾರದ ಪುಡಿ ಯಾವುದನ್ನೂ ಗಾಯಕ್ಕೆ ಹಾಕಬಾರದು ಎಂದಳು, ಮನೆಯಲ್ಲಿರುವ ನೋವಿನ ಮಾತ್ರೆಯನ್ನೂ ಪುಡಿ ಮಾಡಿ ತಿನ್ನಿಸಬಾರದು. ಕಚ್ಚಿದ ದಿನವೇ ಗರಿ ಬಿಡಿಸಿ ಮೈಯೆಲ್ಲ ನೋಡಬೇಕಿತ್ತು, ರೆಕ್ಕೆಯ ಕೆಳಗೂ. ತೊಳೆದು, ಬೇರೆ ಕೋಳಿಗಳಿಂದ ದೂರ, ಬೆಚ್ಚಗೆ, ಕತ್ತಲಾಗಿರುವ ಕಡೆ ಇಟ್ಟು, ನೊಣ ಕೂರದ ಹಾಗೆ ಬಲೆಬಟ್ಟೆ ಮುಚ್ಚಿ, ಅವತ್ತೇ ಪಶು ಆಸ್ಪತ್ರೆಗೆ ತರಬೇಕಿತ್ತು. ಹೀಗೆ ಕೊಳೆತ ಗಾಯದ ಕೋಳಿಯನ್ನು ಕೊಯ್ದು ತಿನ್ನುವ ಮಾತನ್ನಂತೂ ಬಿಡಿ ಎಂದಳು. ಬೈದು ಹೇಳಲಿಲ್ಲ. ಆದರೂ ಪ್ರತಿ ಮಾತಿಗೂ ಅತ್ತೆಯ ತಲೆ ಒಂದಿಷ್ಟು ತಗ್ಗುತ್ತ ಹೋಯಿತು.

ಚಿಮಟ ತೊಳೆಯುತ್ತ ನರ್ಸು ಕೇಳಿದಳು. "ಆ ನಾಯಿ ಯಾರದ್ದು? ಆಮೇಲೆ ಕಂಡಿತಾ?"

ಬೀದಿಯದ್ದು, ಮತ್ತೆ ಯಾರೂ ನೋಡಿಲ್ಲ ಎಂದರು ಅತ್ತೆ.

"ನಿಮ್ಮಲ್ಲಿ ಯಾರಿಗಾದ್ರೂ ಕಚ್ಚಿತಾ ತಂಗಿ? ಪರಚಿದ್ದು, ಹಲ್ಲು ತಾಗಿದ್ದು, ಏನಾದ್ರೂ?"

"ಇಲ್ಲಕ್ಕ."

ನರ್ಸು ಅವಳ ಮುಖ ನೋಡಿದಳು. ಆಮೇಲೆ ಮಣಿಕಟ್ಟಿನ ಕಡೆ ನೋಡಿದಳು. ಅಲ್ಲಿ ಬೂದಿಬಣ್ಣದ ಒಂದು ಗೆರೆ, ಸುತ್ತ ಹಳೆಯ ಸುಟ್ಟ ಗೆರೆಗಳು. ಇನ್ನೊಂದು ಸಲ ಕೇಳಲಿಲ್ಲ. ನೀರಿನ ಪಾತ್ರೆ ಬಗ್ಗಿಸುತ್ತ, ಅತ್ತೆಗೆ ಹೇಳುವವಳಂತೆ ಹೇಳಿದಳು.

"ತಾಗಿದ್ರೆ ಅಂತ ಹೇಳ್ತಾ ಇದೀನಿ ಅಮ್ಮ. ಕೂದಲೆಳೆಯಷ್ಟು ಗೀರು ಬಿದ್ರೂ ಸೋಪು ಹಚ್ಚಿ, ನಲ್ಲಿ ಬಿಟ್ಟು, ಕಾಲು ಗಂಟೆ ತೊಳೀಬೇಕು. ಅವತ್ತೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸ್ಕೋಬೇಕು. ತಡ ಆಗಿದ್ರೆ ತಡ ಆಯ್ತು ಅಂತ ಮನೇಲಿ ಕೂರಬಾರದು, ಆವಾಗಲೂ ಹೋಗ್ಬೇಕು. ಗಾಯ ಒಣಗಿದ್ರೂ ಅಷ್ಟೇ. ಹುಚ್ಚುನಾಯಿ ಕಾಯಿಲೆ ಒಂದ್ಸಲ ಶುರುವಾದ್ರೆ ಉಳಿಸೋ ಔಷಧಿ ಇಲ್ಲ. ಬರದ ಹಾಗೆ ತಡೆಯೋ ಇಂಜೆಕ್ಷನ್ ಇದೆ."

ಮುಂದಿನ ಕೋಣೆಯಲ್ಲಿ ಪೆಟ್ಟಿಗೆಯ ಕೆಂಡ ಸಣ್ಣಗೆ ಸಿಡಿಯಿತು.

ಸೊಸೆ, ನರ್ಸು ಇಬ್ಬರೂ ಗೊಣಗಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಪಶು ಆಸ್ಪತ್ರೆಗೆ ಹೋಗಿ ಬಂದರು. ಡಾಕ್ಟರು ಇಂಜೆಕ್ಷನ್ ಕೊಟ್ಟರು, ಗಾಯಕ್ಕೆ ಮುಲಾಮು ಹಚ್ಚಿದರು. ಮೊನ್ನೆಯೇ ತಂದಿದ್ದರೆ ಧೈರ್ಯ ಹೇಳಬಹುದಿತ್ತು ಎಂದರು.

ಮನೆಗೆ ಬಂದು ಅವಳು ಮತ್ತೆ ಇಸ್ತ್ರಿಗೆ ನಿಂತಳು. ಕೋಳಿಯಿದ್ದ ರಟ್ಟಿನ ಪೆಟ್ಟಿಗೆಯನ್ನು ಮೇಜಿನ ಕೆಳಗೆ, ತನ್ನ ಕಾಲ ಬಳಿ ಇಟ್ಟುಕೊಂಡಿದ್ದಳು. ಯಾರೋ ಕೊಟ್ಟು ಮರೆತುಹೋದ ಹಳೆಯ ಹೊದಿಕೆಯನ್ನು ನಾಲ್ಕು ಮಡಿಕೆ ಮಾಡಿ, ಇಸ್ತ್ರಿ ಎಳೆದು ಬಿಸಿ ಮಾಡಿ, ಕೈಯಲ್ಲಿ ಒತ್ತಿ ನೋಡಿ, ಕೋಳಿಯ ಕೆಳಗೆ ಹಾಸುವಳು. ಅದು ಆರಿದಾಗ ಇನ್ನೊಂದು. ನಡುವೆ ಬ್ಯಾಂಕಿನವರ ಅಂಗಿಗಳು. ಅತ್ತೆ ನೆಲದ ಮೇಲೆ ಕೂತು, ಬೆರಳನ್ನು ನೀರಿಗದ್ದಿ ಕೊಕ್ಕಿನ ತುದಿಗೆ ತಾಗಿಸುತ್ತಿದ್ದರು. ಬಾಯಿಗೆ ಸುರಿಯಬೇಡಿ, ಶ್ವಾಸಕ್ಕೆ ಹೋಗುತ್ತದೆ ಎಂದು ನರ್ಸು ಹೇಳಿದ್ದಳು. ಆಗೊಮ್ಮೆ ಈಗೊಮ್ಮೆ ಗೊಣಗಿ ಆ ಹನಿಯನ್ನು ಹೀರುತ್ತಿತ್ತು.

"ಆವತ್ತು ಚಿಲಕ ಹಾಕಿರಲಿಲ್ಲ ಅಲ್ವೇನೆ?" ಅತ್ತೆ ತಲೆ ಎತ್ತದೆ ಕೇಳಿದರು.

"ಹಾಕಿದ್ರಿ ಅತ್ತೆ. ತುಕ್ಕು ಹಿಡಿದಿದೆ ಅದು, ತಾನಾಗೇ ಜಾರಿದೆ."

ಅತ್ತೆ ಮತ್ತೊಮ್ಮೆ ಬೆರಳನ್ನು ನೀರಿಗದ್ದಿದರು. ಆಮೇಲೆ, ಹಾಗಾದರೆ ಸರಿ ಎಂದರು. ನಂಬಿದವರ ದನಿ ಅದಾಗಿರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಗೊಣಗಿ ಒಂದು ಸಲ ಸಣ್ಣಗೆ ಕೊಕ್ ಎಂದಿತು. ಅತ್ತೆಯ ಮುಖ ಅರಳಿತು. ಕೇಳಿಸಿತಾ ಎಂದು ಸೊಸೆಯ ಸೀರೆ ಜಗ್ಗಿದರು. ಸೊಸೆ ಅಂಗಿಯ ಗುಂಡಿಗಳ ಸುತ್ತ ಇಸ್ತ್ರಿ ತಿರುಗಿಸುತ್ತಿದ್ದಳು. ಅದನ್ನು ಮುಗಿಸಿ ಬಗ್ಗಿ ನೋಡುವಷ್ಟರಲ್ಲಿ ಕೋಳಿಯ ಕತ್ತು ಹೊದಿಕೆಯ ಮೇಲೆ ವಾಲಿತ್ತು. ಹೊದಿಕೆ ಇನ್ನೂ ಬೆಚ್ಚಗಿತ್ತು.

ಗಂಡ ಬಂದವನು ಎಂದಿನಂತೆ ಹಿತ್ತಲಿಗೆ ಹೋಗಿ, ಕೈ ತೊಳೆಯುತ್ತ, ಇವತ್ತು ಇಬ್ಬರೂ ಮೌನವಾ ಎಂದು ಕೇಳಿದ. ತಾಯಿಯ ಮುಖ ಕಂಡು ತಿರುಗಿದವನಿಗೆ, ಚಿಲಕ ಜಾರಿ ಮೊನ್ನೆ ನಾಯಿ ಗೊಣಗಿಯನ್ನು ಹಿಡಿದಿತ್ತೆಂದು ಹೆಂಡತಿ ಹೇಳಿದಳು. ಹಿತ್ತಲ ಮೂಲೆಯಲ್ಲಿ ಆಳವಾಗಿ ಗುಂಡಿ ತೋಡಿ, ಮೇಲೆ ಸುಣ್ಣ ಹಾಕಿ ಮುಚ್ಚಿದ. ಕೋಳಿಗೆ ಇಂಜೆಕ್ಷನ್ ಕೊಡಿಸಿದಿರಾ ಎಂದು ಅವನು ನಗಬಹುದೆಂದು ಅವಳು ಅಂಜಿದ್ದಳು. ಅವನು ನಗಲಿಲ್ಲ. ಮೊನ್ನೆಯೇ ಕರೆದುಕೊಂಡು ಹೋಗಬೇಕಿತ್ತು, ನನಗೆ ಹೇಳಬೇಕಿತ್ತು ಎಂದ. ಬೆಳಗ್ಗೆ ಡಿಪೋಗೆ ಹೋಗುವ ಮುಂಚೆ ಗೂಡಿನ ಬಾಗಿಲಿಗೆ ತಳ್ಳಿದರೆ ತಾನೇ ಕಚ್ಚಿಕೊಳ್ಳುವ ಸ್ಪ್ರಿಂಗಿನ ಚಿಲಕ ಕೂರಿಸಿಕೊಟ್ಟ. ತಾಯಿಯನ್ನು ಕರೆದು, ಎರಡು ಸಲ ತಳ್ಳಿಸಿ ನೋಡಿದ.

ಅತ್ತೆ ಉಳಿದ ಕೋಳಿಗಳನ್ನು ಒಂದೊಂದಾಗಿ ತೊಡೆಯ ಮೇಲಿಟ್ಟುಕೊಂಡು ಗರಿ ಬಿಡಿಸಿ ನೋಡಿದರು. ಒಂದರ ಕುತ್ತಿಗೆಯ ಹಿಂದೆ ಕುಕ್ಕಿದ ಗಾಯವಿತ್ತು. ಯಾರೂ ಹೇಳದೆಯೇ ಉಪ್ಪುನೀರು ಕಾಯಿಸಿ ತೊಳೆದು, ಅದನ್ನು ಬುಟ್ಟಿಯಲ್ಲಿ ಬೇರೆಯಾಗಿಟ್ಟರು. ಬೂದಿಯ ಡಬ್ಬಿಯನ್ನು ಪಾತ್ರೆ ತೊಳೆಯುವ ಕಡೆಗೆ ಸರಿಸಿದರು.

ಅವಳು ಬಚ್ಚಲಿಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ನಲ್ಲಿ ಬಿಟ್ಟು, ಬಟ್ಟೆ ಸೋಪು ತೆಗೆದುಕೊಂಡು ಮಣಿಕಟ್ಟಿಗೆ ಹಚ್ಚಿದಳು. ಬೂದಿ ಕರಗಿ ಹರಿಯಿತು. ಕೆಳಗೆ ಎರಡು ಸಣ್ಣ ಗುರುತುಗಳು, ಒಂದರ ಅಂಚು ಕೆಂಪಾಗಿತ್ತು. ಅತ್ತೆ ಎಷ್ಟು ನೀರು ಬಿಡ್ತೀಯೇ ಎಂದು ಗೊಣಗುವವರೆಗೆ ತೊಳೆದಳು. ಗೊಣಗಿದ ಮೇಲೂ ತೊಳೆದಳು.

ಆಮೇಲೆ ಔಷಧಿ ಅಂಗಡಿಯವರ ಗಂಟನ್ನು ಕಂಕುಳಿಗೆ ಇಟ್ಟುಕೊಂಡು ಹೊರಟಳು. ಅವರ ಅಂಗಡಿ ದಾಟಿದರೆ ದೊಡ್ಡಾಸ್ಪತ್ರೆಯ ಗೇಟು. ಬಟ್ಟೆ ಕೊಟ್ಟು ಬರ್ತೀನಿ ಅತ್ತೆ ಎಂದಳು. ಬೇಗ ಬಾ, ಇದ್ದಿಲು ಆರುತ್ತೆ ಎಂದರು ಅತ್ತೆ. ಆರಿದರೆ ಮತ್ತೆ ಊದಿದರಾಯಿತು ಎಂದುಕೊಂಡು ಅವಳು ಬೀದಿಗಿಳಿದಳು. ಇವತ್ತಿನ ಇಂಜೆಕ್ಷನ್ ಮಾತ್ರವಲ್ಲ, ಡಾಕ್ಟರು ಎಷ್ಟು ಸಲ ಬಾ ಎನ್ನುತ್ತಾರೋ ಅಷ್ಟೂ ಸಲ ಹೋಗುವುದೆಂದು ಅವಳು ತೀರ್ಮಾನಿಸಿಯಾಗಿತ್ತು. ಆ ಬೀದಿಗೆ ಕೊಡುವ ಗಂಟುಗಳು ಇದ್ದೇ ಇರುತ್ತವೆ.

ಇದನ್ನು ಓದುತ್ತಿರುವ ಅಕ್ಕ, ತಂಗಿ, ಅಮ್ಮ, ನಿಮ್ಮ ಹಿತ್ತಲಿನ ಕೋಳಿಗೆ ನಾಯಿ ಬಾಯಿ ಹಾಕಿದರೆ, ಅದು ಎದ್ದು ಕಾಳು ತಿಂದಿತೆಂದು ಸಮಾಧಾನಪಡಬೇಡಿ. ಗರಿ ಬಿಡಿಸಿ ನೋಡಿ, ತೊಳೆಯಿರಿ, ಬೇರೆ ಇಡಿ, ಅವತ್ತೇ ಪಶು ಆಸ್ಪತ್ರೆಗೆ ಒಯ್ಯಿರಿ. ಹಾಗೆಯೇ ನಿಮ್ಮ ಕೈಯನ್ನೂ ಒಮ್ಮೆ ಬೆಳಕಿಗೆ ಹಿಡಿದು ನೋಡಿಕೊಳ್ಳಿ. ಗೀರು ಇದ್ದರೆ ಸೋಪು ಹಚ್ಚಿ ತೊಳೆದು ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಹೇಳಿ ಹೋದರೆ ಒಳ್ಳೆಯದು. ಹೇಳುವುದು ಕಷ್ಟವಾದರೆ ಒಂದು ಗಂಟು ಬಟ್ಟೆ ಕಂಕುಳಲ್ಲಿಟ್ಟುಕೊಂಡಾದರೂ ಹೋಗಿ. ಇವತ್ತೇ ಹೋಗಿ.